ಅಂಗಳದಲ್ಲೇ ಬೈಕ್ ಮಾಡಿಫಿಕೇಶನ್: ಲೈಟು, ಹ್ಯಾಂಡಲ್, ಕ್ರ್ಯಾಶ್ ಗಾರ್ಡ್ ಕೂರಿಸುವ ಕ್ರಮ

ಹೊರಗಿನ ಪಾರ್ಟ್ಸ್ ಹಾಕಿದ ಬೈಕುಗಳ ತಕರಾರುಗಳನ್ನು ನೋಡಿದರೆ ಪಾರ್ಟಿಗಿಂತ ಅದನ್ನು ಕೂರಿಸಿದ ರೀತಿಯೇ ಹೆಚ್ಚು ಸಲ ಕೈಕೊಟ್ಟಿರುತ್ತದೆ. ಲೈಟು ಚೆನ್ನಾಗಿಯೇ ಇರುತ್ತದೆ, ಅದರ ವೈರು ಟ್ಯಾಂಕಿನ ಕೆಳಗೆ ಉಜ್ಜಿ ಶಾರ್ಟ್ ಆಗಿರುತ್ತದೆ. ಹ್ಯಾಂಡಲ್ ಬಾರ್ ಗಟ್ಟಿಮುಟ್ಟಾಗಿರುತ್ತದೆ, ಪೂರ್ತಿ ಎಡಕ್ಕೆ ತಿರುಗಿಸಿದರೆ ಆಕ್ಸಿಲರೇಟರ್ ಕೇಬಲ್ ಜಗ್ಗಿ ಎಂಜಿನ್ ತಾನಾಗಿ ರೇಸ್ ಆಗುತ್ತದೆ. ಇವೆರಡನ್ನೂ ತಪ್ಪಿಸಲು ದುಬಾರಿ ಸಾಮಾನು ಬೇಕಿಲ್ಲ. ಒಂದು ಭಾನುವಾರ, ನೆರಳಿರುವ ಸಮತಟ್ಟಾದ ಜಾಗ ಮತ್ತು ಅವಸರ ಮಾಡದ ಕೈ ಇದ್ದರೆ ಸಾಕು.

ಉದಾಹರಣೆಗೆ ಇಲ್ಲಿ ಇಟ್ಟುಕೊಂಡಿರುವುದು 2021ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಅದರದ್ದು 12 ವೋಲ್ಟ್, 8 ಎಎಚ್ (ಆಂಪಿಯರ್ ಅವರ್) ಬ್ಯಾಟರಿ. 60/55 ವ್ಯಾಟ್‌ನ ಎಚ್4 ಹೆಡ್‌ಲೈಟ್. ಬೇರೆ ಬೈಕಿನವರು ಅಂಕಿಗಳನ್ನು ತಮ್ಮ ಮ್ಯಾನುಯಲ್ ನೋಡಿ ಬದಲಿಸಿಕೊಂಡರೆ ಉಳಿದದ್ದೆಲ್ಲ ಹಾಗೇ ಹೊಂದುತ್ತದೆ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ನಿಯಮ ಇಟ್ಟುಕೊಳ್ಳಿ. ನೀವು ಹಾಕಿದ್ದನ್ನೆಲ್ಲ ಅರ್ಧ ದಿನದಲ್ಲಿ ಬಿಚ್ಚಿ, ಬೈಕನ್ನು ಕಂಪನಿ ಕೊಟ್ಟಂತೆಯೇ ನಿಲ್ಲಿಸಲು ಬರಬೇಕು. ಅಂದರೆ ಕಂಪನಿಯ ವೈರಿಂಗನ್ನು ಎಲ್ಲೂ ಕತ್ತರಿಸುವಂತಿಲ್ಲ, ಚಾಸಿಗೆ ತೂತು ಕೊರೆಯುವಂತಿಲ್ಲ, ವೆಲ್ಡಿಂಗ್ ಮಾಡಿಸುವಂತಿಲ್ಲ. ಬಿಚ್ಚಿದ ಹಳೆಯ ಪಾರ್ಟು, ಬೋಲ್ಟು, ವಾಷರ್ ಎಲ್ಲವನ್ನೂ ಒಂದೊಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹೆಸರು ಬರೆದು ಅಟ್ಟದ ಮೇಲಿಡಿ. ವಾರಂಟಿ ಕೇಳುವಾಗ, ಗಾಡಿ ಮಾರುವಾಗ, ಆರ್‌ಟಿಒ ಮುಂದೆ ನಿಲ್ಲುವಾಗ ಆ ಚೀಲಗಳೇ ಕೆಲಸಕ್ಕೆ ಬರುತ್ತವೆ.

ಕಾನೂನು ಎಲ್ಲಿ ಅಡ್ಡ ಬರುತ್ತದೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಇದಕ್ಕೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ ಬೀಳಬಹುದು. ಎಂಜಿನ್, ಚಾಸಿ, ಬಣ್ಣ, ಸೀಟುಗಳ ಸಂಖ್ಯೆ ಇವೆಲ್ಲ ಆರ್‌ಸಿಗೆ ಸೇರಿದ ವಿಷಯ. ಬಣ್ಣ ಬದಲಿಸುವುದಾದರೆ ಆರ್‌ಟಿಒಗೆ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ನಮೂದು ಮಾಡಿಸಿಕೊಳ್ಳಬೇಕು. ಗ್ರಿಪ್, ಕನ್ನಡಿ, ಕ್ಯಾರಿಯರ್, ಮೊಬೈಲ್ ಚಾರ್ಜರ್‌ನಂಥವು ಸಾಮಾನ್ಯವಾಗಿ ತಲೆನೋವು ತರುವುದಿಲ್ಲ. ಹೆಚ್ಚುವರಿ ಲೈಟಿಗೆ ಮಾತ್ರ ಎದುರಿನವರ ಕಣ್ಣಿಗೆ ಹೊಡೆದರೆ ದಂಡ ಬೀಳುವುದು ಖಾತ್ರಿ, ಕೆಂಪು-ನೀಲಿ ಮಿನುಗುವ ಲೈಟಿಗಂತೂ ಮಾತೇ ಇಲ್ಲ.

ಮಾಡಿಫಿಕೇಶನ್ ಅಂದ ಕೂಡಲೇ ಹುಡುಗರು ಮೊದಲು ಕಿತ್ತೆಸೆಯುವುದು ಸೀರೆ ಗಾರ್ಡನ್ನು. ಅದನ್ನು ಮುಟ್ಟಬೇಡಿ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ, ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ. ದುಪಟ್ಟಾ, ಸೆರಗು ಸಿಕ್ಕಿ ಬಿದ್ದವರ ಸುದ್ದಿ ನಮ್ಮಲ್ಲಿ ಹೊಸದೂ ಅಲ್ಲ.

ಸಾಮಾನು

ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಪಾರ್ಟ್ಸ್ ಸಿಗುತ್ತದೆ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ವೈರು, ಕಪ್ಲರ್, ಫ್ಯೂಸ್‌ನಂಥವಕ್ಕೆ ಎಸ್.ಪಿ. ರಸ್ತೆ. ಬೇರೆ ಊರಿನವರು ಆಟೋ ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿ ಕೇಳಿದರೆ ಇವೆಲ್ಲ ಒಂದೇ ಕಡೆ ಸಿಗುತ್ತವೆ. ಆನ್‌ಲೈನಿನಲ್ಲಿ ಬರುವ ರೆಡಿ ವೈರಿಂಗ್ ಕಿಟ್ ಕೊಂಡರೂ ತಪ್ಪಿಲ್ಲ, ಆದರೆ ಅದರೊಳಗಿನ ಫ್ಯೂಸ್ ಮತ್ತು ವೈರಿನ ತುದಿಗೆ ಒತ್ತಿ ಕೂರಿಸಿದ ಕ್ರಿಂಪ್‌ಗಳನ್ನು ನೋಡದೆ ಗಾಡಿಗೆ ಏರಿಸಬೇಡಿ.

ಹತಾರಗಳಲ್ಲಿ 8ರಿಂದ 17ರವರೆಗಿನ ಪಾನಾ ಮತ್ತು ಸಾಕೆಟ್, ಅಲನ್ ಕೀ ಸೆಟ್, ಕ್ರಿಂಪಿಂಗ್ ಪ್ಲಯರ್, ಡಿಜಿಟಲ್ ಮಲ್ಟಿಮೀಟರ್, ಟಾರ್ಕ್ ರೆಂಚ್ (ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಪಾನಾ) ಬೇಕು. ಟಾರ್ಕ್ ರೆಂಚ್ ಇಲ್ಲದೆ ಲೈಟಿನ ಕೆಲಸ ನಡೆಯುತ್ತದೆ. ಹ್ಯಾಂಡಲ್ ಮತ್ತು ಕ್ರ್ಯಾಶ್ ಗಾರ್ಡಿಗೆ ಅದು ಇರಲೇಬೇಕು, ಸ್ನೇಹಿತರಿಂದ ಎರವಲು ತಂದರೂ ಸರಿ.

ಲೈಟು: ಮೊದಲು ಲೆಕ್ಕ

ಆಗುಂಬೆ, ಚಾರ್ಮಾಡಿ, ಶಿರಾಡಿಯ ಮಳೆಗಾಲದಲ್ಲಿ ಗಾಡಿ ಓಡಿಸುವವರು ಮೊದಲು ಹಾಕಿಸುವುದು ಲೈಟು. ಹೆಚ್ಚು ಕೆಡುವುದೂ ಇದೇ, ಆದ್ದರಿಂದ ಇದನ್ನೇ ಬಿಡಿಸಿ ಹೇಳಬೇಕು.

20 ವ್ಯಾಟ್‌ನ ಎರಡು ಎಲ್‌ಇಡಿ ಎಂದರೆ ಒಟ್ಟು 40 ವ್ಯಾಟ್. ಎಂಜಿನ್ ಓಡುವಾಗಿನ 13.5 ವೋಲ್ಟಿನಿಂದ ಭಾಗಿಸಿದರೆ ಸುಮಾರು 3 ಆಂಪಿಯರ್. ಇಷ್ಟು ಸಾಕು. ಡಬ್ಬಿಯ ಮೇಲೆ 100 ವ್ಯಾಟ್, 200 ವ್ಯಾಟ್ ಎಂದು ಬರೆದಿರುವ ಅಗ್ಗದ ಲೈಟುಗಳನ್ನು ನಂಬಬೇಡಿ. ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಕಿಂಡಿಗೆ ಹಾಕಿ, ಬ್ಯಾಟರಿಯ ಪ್ಲಸ್‌ನಿಂದ ಲೈಟಿನ ಪ್ಲಸ್‌ಗೆ ಹೋಗುವ ದಾರಿಯಲ್ಲಿ ಮೀಟರನ್ನು ಸೇರಿಸಿ ನೋಡಿ. ಮೀಟರು 1.5 ತೋರಿಸಿದರೆ ಅದು 20 ವ್ಯಾಟಿಗಿಂತ ಕಡಿಮೆಯ ಲೈಟು, ಡಬ್ಬಿ ಏನೇ ಹೇಳಲಿ. ಅಳೆದಾದ ಮೇಲೆ ಕೆಂಪು ವೈರನ್ನು ವೋಲ್ಟ್ ಕಿಂಡಿಗೆ ವಾಪಸ್ ಹಾಕುವುದನ್ನು ಮರೆಯಬೇಡಿ. ಹಾಗೇ ಬಿಟ್ಟು ಮುಂದೆ ಬ್ಯಾಟರಿಯ ವೋಲ್ಟೇಜ್ ಅಳೆಯಲು ಹೋದರೆ ಅದು ಶಾರ್ಟ್ ಸರ್ಕ್ಯೂಟ್ ಆಗಿ ಮೀಟರಿನ ಫ್ಯೂಸ್ ಹೋಗುತ್ತದೆ.

ಬೈಕು ಈ ಹೊರೆ ತಡೆದುಕೊಳ್ಳುತ್ತದೆಯೇ ಎನ್ನುವುದನ್ನೂ ಮೀಟರೇ ಹೇಳುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟಿಗಿಂತ ಮೇಲಿರಬೇಕು. ಎಂಜಿನ್ 3,000 ಆರ್‌ಪಿಎಂ ಆಸುಪಾಸಿನಲ್ಲಿದ್ದಾಗ 13.8ರಿಂದ 14.5. ಈ ಅಂಕಿ ಲೈಟು ಹಾಕುವ ಮೊದಲೇ ಬರದಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಹೆಡ್‌ಲೈಟಿಗೇ 100/90 ವ್ಯಾಟ್ ಬಲ್ಬ್ ಹಾಕುವ ದಾರಿ ಬೇಡ. ಅದು 8 ಆಂಪಿಯರ್ ಹತ್ತಿರ ಎಳೆಯುತ್ತದೆ. ಕಂಪನಿಯ ವೈರು, ಸ್ವಿಚ್ ಅದಕ್ಕೆ ಮಾಡಿದ್ದಲ್ಲ. ಹೋಲ್ಡರ್ ಕರಗಿ ಬಲ್ಬಿನ ಕಾಲಿಗೆ ಅಂಟಿಕೊಳ್ಳುತ್ತದೆ. ಎಚ್4 ಜಾಗಕ್ಕೆ ಕೂರುವ ಎಲ್‌ಇಡಿ ಬಲ್ಬುಗಳದ್ದು ಇನ್ನೊಂದು ಕಥೆ: ರಿಫ್ಲೆಕ್ಟರನ್ನು ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ, ಎಲ್‌ಇಡಿ ಚಿಪ್ ಅದೇ ಜಾಗದಲ್ಲಿ ಇರದಿದ್ದರೆ ಬೆಳಕು ಚೆದುರಿ ಎದುರಿನವರ ಕಣ್ಣಿಗೆ ಹೋಗುತ್ತದೆ, ರಸ್ತೆಯ ಮೇಲೆ ಬೀಳುವುದು ಕಡಿಮೆ.

ಲೈಟು: ವೈರಿಂಗ್

ಬೇಕಾದದ್ದು: 12 ವೋಲ್ಟಿನ ಒಂದು ರಿಲೇ ಮತ್ತು ಅದರ ಸಾಕೆಟ್, ಒಂದು ನೀರು ಹೋಗದ ಬ್ಲೇಡ್ ಫ್ಯೂಸ್ ಹೋಲ್ಡರ್, 7.5 ಆಂಪಿಯರ್ ಫ್ಯೂಸ್ ಮೂರು, 1.5 ಚದರ ಮಿ.ಮೀ. ಆಟೋ ವೈರು ಕೆಂಪು ಮತ್ತು ಕಪ್ಪು ತಲಾ 3 ಮೀಟರ್, 0.5 ಚದರ ಮಿ.ಮೀ. ವೈರು 3 ಮೀಟರ್, ಬ್ಯಾಟರಿ ಬೋಲ್ಟಿನ ಅಳತೆಯ ರಿಂಗ್ ಟರ್ಮಿನಲ್ ಎರಡು, ಹ್ಯಾಂಡಲ್ ಮೇಲೆ ಕೂರುವ ಸ್ವಿಚ್ ಒಂದು, ಹೀಟ್ ಶ್ರಿಂಕ್ ಟ್ಯೂಬ್, ಕಾರಗೇಟೆಡ್ ಸ್ಲೀವ್, ಕೇಬಲ್ ಟೈ. ಮನೆ ವೈರಿಂಗಿಗೆ ಬಳಸಿ ಉಳಿದ ವೈರನ್ನು ಹಾಕಲು ಹೋಗಬೇಡಿ. ಅದರ ಎಳೆಗಳು ದಪ್ಪ ಮತ್ತು ಕಡಿಮೆ, ಬೈಕಿನ ಅದುರುವಿಕೆಗೆ ತುಂಡಾಗುತ್ತವೆ. ಆಟೋ ವೈರಿನಲ್ಲಿ ಸಣ್ಣ ಎಳೆಗಳು ಹೆಚ್ಚಿರುವುದರಿಂದ ಬಾಗಿದರೂ ಬಾಳುತ್ತದೆ.

ಫ್ಯೂಸ್ ಇರುವುದು ವೈರನ್ನು ಕಾಪಾಡಲು. 3 ಆಂಪಿಯರ್ ಹೊರೆಗೆ 7.5 ಆಂಪಿಯರ್, ಅಂದರೆ ಕಂದು ಬಣ್ಣದ ಬ್ಲೇಡ್. ರೆಡಿ ಕಿಟ್ಟುಗಳಲ್ಲಿ ಹಸಿರು ಬಣ್ಣದ 30 ಆಂಪಿಯರ್ ಫ್ಯೂಸ್ ಕಂಡರೆ ಕಿತ್ತುಹಾಕಿ. ತೆಳು ವೈರು ಹೊತ್ತಿಕೊಂಡರೂ ಆ ಫ್ಯೂಸ್ ಅಲುಗುವುದಿಲ್ಲ.

ರಿಲೇಯ ಕೆಳಗೆ ಅಂಕಿಗಳು ಕೊರೆದಿರುತ್ತವೆ. 30ಕ್ಕೆ ಬ್ಯಾಟರಿ ಪ್ಲಸ್, ಫ್ಯೂಸ್ ಮೂಲಕ. 87ರಿಂದ ಲೈಟುಗಳ ಪ್ಲಸ್. 85ಕ್ಕೆ ಅರ್ಥ್. 86ಕ್ಕೆ ಸ್ವಿಚ್ ಕಡೆಯಿಂದ ಬರುವ ಸಣ್ಣ ವೈರು. ಐದು ಕಾಲಿನ ರಿಲೇ ಆದರೆ ನಡುವೆ 87ಎ ಎಂಬ ಇನ್ನೊಂದು ಕಾಲಿರುತ್ತದೆ. ರಿಲೇ ಆಫ್ ಇದ್ದಾಗ ಕರೆಂಟ್ ಅದಕ್ಕೆ ಹೋಗುತ್ತಿರುತ್ತದೆ. ಲೈಟಿನ ವೈರನ್ನು ತಪ್ಪಿ ಅಲ್ಲಿಗೆ ಚುಚ್ಚಿದರೆ ಸ್ವಿಚ್ ಆಫ್ ಮಾಡಿದಾಗ ಲೈಟು ಹೊತ್ತುತ್ತದೆ, ಆನ್ ಮಾಡಿದರೆ ಆರುತ್ತದೆ. ಗಾಡಿ ನಿಲ್ಲಿಸಿ ಕೀ ತೆಗೆದರೂ ಉರಿಯುತ್ತಲೇ ಇರುತ್ತದೆ. ಆ ಕಾಲಿಗೆ ಏನೂ ಕೊಡದೆ ಖಾಲಿ ಬಿಡಿ.

ಈಗ ಕ್ರಮ. ಕೀ ತೆಗೆದು, ಸೀಟು ಮತ್ತು ಸೈಡ್ ಕವರ್ ಬಿಚ್ಚಿ, ಬ್ಯಾಟರಿಯ ಮೈನಸ್ ವೈರನ್ನು ಮೊದಲು ಕಳಚಿ. ಪ್ಲಸ್ ಮೊದಲು ಬಿಚ್ಚಲು ಹೋದರೆ ಪಾನಾ ಚಾಸಿಗೆ ತಾಗಿದ ಕ್ಷಣ ಕಿಡಿ ಹಾರುತ್ತದೆ. ಲೈಟುಗಳನ್ನು ಬ್ರಾಕೆಟ್ಟಿಗೆ ಸಡಿಲವಾಗಿ ಕೂರಿಸಿ, ಅಲ್ಲಿಂದ ಬ್ಯಾಟರಿವರೆಗೆ ವೈರು ಹೋಗುವ ದಾರಿಯನ್ನು ಒಂದು ದಾರದಿಂದ ಅಳೆದುಕೊಳ್ಳಿ. ವೈರನ್ನು ಕಂಪನಿಯ ವೈರಿಂಗ್ ಗುಂಪಿನ ಜೊತೆಗೇ ಟ್ಯಾಂಕಿನ ಕೆಳಗೆ ಒಯ್ಯಿರಿ. ಅವರು ಆರಿಸಿದ ದಾರಿಯಲ್ಲಿ ಬಿಸಿಯೂ ಇರುವುದಿಲ್ಲ, ಚೂಪಾದ ಅಂಚೂ ಇರುವುದಿಲ್ಲ. ಸೈಲೆನ್ಸರ್ ಬೆಂಡ್ ಮತ್ತು ಸಿಲಿಂಡರ್ ಹೆಡ್ಡಿನಿಂದ ದೂರ ಇರಲಿ. ಹ್ಯಾಂಡಲ್ ತಿರುಗುವ ಕೊರಳಿನ ಹತ್ತಿರ ವೈರು ಸ್ವಲ್ಪ ಸಡಿಲ ಇರಬೇಕು. ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ, ಜಗ್ಗುವುದೂ ಇಲ್ಲ, ಸಿಕ್ಕುವುದೂ ಇಲ್ಲ ಎಂದು ನೋಡಿದ ಮೇಲೆಯೇ ಟೈ ಬಿಗಿಯಿರಿ.

ಫ್ಯೂಸ್ ಹೋಲ್ಡರ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೇ ಇರಬೇಕು. ಫ್ಯೂಸಿಗಿಂತ ಮೊದಲಿನ ವೈರಿಗೆ ರಕ್ಷಣೆಯೇ ಇಲ್ಲ, ಅದು ಚಿಕ್ಕದಿದ್ದಷ್ಟು ಒಳ್ಳೆಯದು. ಫ್ಯೂಸನ್ನು ಈಗಲೇ ಹಾಕಬೇಡಿ, ಎಲ್ಲ ಮುಗಿದ ಮೇಲೆ ಹಾಕಿ. ಲೈಟುಗಳ ಕಪ್ಪು ವೈರನ್ನು ಎಲ್ಲೋ ಒಂದು ಬೋಲ್ಟಿನಡಿ ಬಾಡಿ ಅರ್ಥ್ ಕೊಡುವ ಅಭ್ಯಾಸ ಹಲವರಿಗಿದೆ. ಪೇಂಟ್ ಪದರದ ಮೇಲೆ ಕೊಟ್ಟ ಅರ್ಥ್ ಮಳೆಗಾಲದವರೆಗೆ ಬಾಳಿದರೆ ಹೆಚ್ಚು. ನೇರ ಬ್ಯಾಟರಿಯ ಮೈನಸ್‌ಗೇ ತನ್ನಿ.

ಇನ್ನು 86ಕ್ಕೆ ಕರೆಂಟ್ ಎಲ್ಲಿಂದ? ಕೀ ಆನ್ ಮಾಡಿದಾಗ ಮಾತ್ರ 12 ವೋಲ್ಟ್ ಬರುವ ವೈರು ಬೇಕು. ರಿಲೇ ಕಾಯಿಲ್ ಎಳೆಯುವುದು ಸುಮಾರು 0.15 ಆಂಪಿಯರ್ ಮಾತ್ರ, ಹಾಗಾಗಿ ಯಾವ ವೈರಿಗೂ ಅದು ಭಾರವಲ್ಲ. ಆದರೂ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಎಬಿಎಸ್, ಸೆನ್ಸರ್‌ಗಳ ಕಡೆ ಹೋಗುವ ವೈರನ್ನು ಮುಟ್ಟಬಾರದು. ಸುಲಭದ ದಾರಿ ಫ್ಯೂಸ್ ಬಾಕ್ಸಿನಲ್ಲಿ ಚುಚ್ಚುವ ಫ್ಯೂಸ್ ಟ್ಯಾಪ್. ಹಾರ್ನ್ ಅಥವಾ ಇಂಡಿಕೇಟರಿನ ಫ್ಯೂಸ್ ತೆಗೆದು ಅದನ್ನು ಟ್ಯಾಪಿನೊಳಗೆ ಹಾಕಿ, ಟ್ಯಾಪನ್ನು ಅದೇ ಜಾಗಕ್ಕೆ ಒತ್ತಿದರೆ ಹೊಸ ವೈರೊಂದು ಸಿಗುತ್ತದೆ, ಯಾವುದನ್ನೂ ಕತ್ತರಿಸಬೇಕಿಲ್ಲ. ಮಲ್ಟಿಮೀಟರಿನಲ್ಲಿ ನೋಡಿ: ಕೀ ಆನ್ ಆದರೆ 12, ಆಫ್ ಆದರೆ ಸೊನ್ನೆ. ಅಲ್ಲಿಂದ ಹ್ಯಾಂಡಲ್ ಸ್ವಿಚ್‌ಗೆ, ಸ್ವಿಚ್‌ನಿಂದ 86ಕ್ಕೆ.

ವೈರಿನ ಮೇಲೆ ಒತ್ತಿ ಕಚ್ಚಿಸುವ ಪ್ಲಾಸ್ಟಿಕ್ ಕ್ಲಿಪ್‌ಗಳು ಕಿಟ್ಟಿನಲ್ಲಿ ಬಂದಿರುತ್ತವೆ. ಕೆಲಸ ಸಲೀಸು ಅನಿಸಿದರೂ ಅವು ಕಂಪನಿಯ ವೈರಿನ ಎಳೆಗಳನ್ನು ಕೊಯ್ಯುತ್ತವೆ. ಅಲ್ಲಿ ನೀರು ಸೇರಿ ತಾಮ್ರ ಹಸಿರಾಗಿ, ಒಂದೆರಡು ಮಳೆಗಾಲದೊಳಗೆ ಬೈಕಿನ ಸ್ವಂತ ಲೈಟೇ ಮಿಣುಕಲು ಶುರುವಾಗುತ್ತದೆ. ಬೆಸುಗೆಯ ಬಗ್ಗೆಯೂ ಒಂದು ಮಾತು. ಬೆಸುಗೆ ಗಟ್ಟಿ ನಿಜ, ಆದರೆ ಅದು ಮುಗಿಯುವ ಜಾಗದಲ್ಲಿ ವೈರು ಗಡುಸಾಗಿ ಅದುರಿ ಅದುರಿ ಅಲ್ಲೇ ತುಂಡಾಗುತ್ತದೆ. ಒಳ್ಳೆಯ ಕ್ರಿಂಪ್ ಮಾಡಿ, ಜೋರಾಗಿ ಎಳೆದು ನೋಡಿ, ಮೇಲೆ ಹೀಟ್ ಶ್ರಿಂಕ್ ಹಾಕಿ. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಬೇಸಿಗೆಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಎಲ್ಲ ಸೇರಿಸಿದ ಮೇಲೆ ಬ್ಯಾಟರಿಗೆ ಪ್ಲಸ್ ಮೊದಲು, ಮೈನಸ್ ಕೊನೆಗೆ, ಅದಾದ ನಂತರ ಫ್ಯೂಸ್. ಕೀ ಆನ್ ಮಾಡಿ ಸ್ವಿಚ್ ಒತ್ತಿದರೆ ರಿಲೇ ಟಕ್ ಎನ್ನಬೇಕು. ಟಕ್ ಎಂದರೂ ಲೈಟು ಬರದಿದ್ದರೆ ಫ್ಯೂಸ್, 30ರ ವೈರು, ಲೈಟಿನ ಅರ್ಥ್ ಈ ಮೂರನ್ನೇ ನೋಡಿ. ಟಕ್ ಎನ್ನದಿದ್ದರೆ 86ಕ್ಕೆ ಕರೆಂಟ್ ಬಂದಿಲ್ಲ ಅಥವಾ 85ರ ಅರ್ಥ್ ಇಲ್ಲ. ಟರ್ರ್ ಎಂದು ಗುಂಯ್‌ಗುಟ್ಟಿದರೆ ಕರೆಂಟ್ ಸಾಲುತ್ತಿಲ್ಲ. ಹಳೆಯ ಸಣ್ಣ ಬೈಕುಗಳಲ್ಲಿ ಹೆಡ್‌ಲೈಟ್ ಎಸಿ ಕರೆಂಟಿನಲ್ಲಿ ಓಡುತ್ತದೆ, ಅದರಿಂದ 86ಕ್ಕೆ ಕೊಟ್ಟರೂ ರಿಲೇ ಹೀಗೇ ಒದರುತ್ತದೆ.

ಕೊನೆಗೆ ಎಂಜಿನ್ ಬಿಸಿಯಾದ ಮೇಲೆ, ಐಡಲ್‌ನಲ್ಲಿ, ಹೆಡ್‌ಲೈಟ್, ಹೊಸ ಲೈಟು, ಬ್ರೇಕ್ ಲೈಟು ಮೂರೂ ಉರಿಯುವಾಗ ಬ್ಯಾಟರಿಗೆ ಮೀಟರ್ ಹಿಡಿಯಿರಿ. 13 ವೋಲ್ಟಿಗಿಂತ ಮೇಲಿದ್ದರೆ ನೆಮ್ಮದಿ. 12.8ಕ್ಕಿಂತ ಕೆಳಗಿಳಿದರೆ ಬ್ಯಾಟರಿ ತುಂಬುವ ಬದಲು ಖಾಲಿಯಾಗುತ್ತಿದೆ ಎಂದು ತಿಳಿದು, ಟ್ರಾಫಿಕ್ಕಿನಲ್ಲಿ ನಿಂತಾಗ ಹೊಸ ಲೈಟು ಆರಿಸಿಡಿ. ಎಂಜಿನ್ ಆಫ್ ಮಾಡಿ ಎಲ್ಲ ಲೈಟು ಉರಿಸಿಟ್ಟು ಫೋಟೊ ತೆಗೆಯುವವರು ಗಮನಿಸಿ: 100 ವ್ಯಾಟ್ ಎಂದರೆ 8 ಆಂಪಿಯರ್. ಅರ್ಧ ಗಂಟೆ ಹಾಗೆ ಬಿಟ್ಟರೆ ಸೆಲ್ಫ್ ಎತ್ತುವುದು ಕಷ್ಟ.

ಮೊಬೈಲ್ ಚಾರ್ಜರ್ ಹಾಕುವುದಾದರೆ ಅದನ್ನೂ ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ಕಡೆಯಿಂದಲೇ ಕೊಡಿ. ಬ್ಯಾಟರಿಗೆ ನೇರ ಕೊಟ್ಟರೆ ಮೊಬೈಲ್ ಸಿಕ್ಕಿಸದಿದ್ದರೂ ಅದು ಕರೆಂಟ್ ಹೀರುತ್ತಿರುತ್ತದೆ. 20 ಮಿಲಿ ಆಂಪಿಯರ್ ಎಂದುಕೊಂಡರೂ ಹತ್ತು ದಿನ ನಿಂತ ಗಾಡಿಯಲ್ಲಿ 4.8 ಎಎಚ್ ಹೋಯಿತು. 8 ಎಎಚ್ ಬ್ಯಾಟರಿಯಲ್ಲಿ ಅದು ಅರ್ಧಕ್ಕಿಂತ ಹೆಚ್ಚು.

ಲೈಟು: ದಿಕ್ಕು ಹಿಡಿಸುವುದು

ಲೈಟು ಹೆಡ್‌ಲೈಟಿಗಿಂತ ಕೆಳಗಿರಲಿ. ಮಂಜಿನಲ್ಲಿ ಕಣ್ಣಿನ ಎತ್ತರಕ್ಕೆ ಹತ್ತಿರವಿರುವ ಲೈಟಿನ ಬೆಳಕು ಮಂಜಿಗೆ ಬಡಿದು ನಿಮ್ಮ ಮುಖಕ್ಕೇ ವಾಪಸ್ ಬರುತ್ತದೆ, ಎದುರಿಗೆ ಬಿಳಿ ಗೋಡೆ ನಿಂತಂತೆ ಕಾಣುತ್ತದೆ. ಕೆಳಗಿನಿಂದ ಅಗಲವಾಗಿ ಹರಡುವ ಬೆಳಕಾದರೆ ರಸ್ತೆಯ ಬಿಳಿ ಗೆರೆ, ಅಂಚಿನ ಮಣ್ಣು ಕಾಣಿಸುತ್ತದೆ.

ಸಮತಟ್ಟಾದ ಜಾಗದಲ್ಲಿ, ಗೋಡೆಯಿಂದ ಲೈಟಿಗೆ 5 ಮೀಟರ್ ಇರುವಂತೆ ಬೈಕ್ ನಿಲ್ಲಿಸಿ. ಟೈರಿನ ಗಾಳಿ ಸರಿಯಿರಲಿ. ಓಡಿಸುವವರು ಸೀಟಿನ ಮೇಲೆ ಕೂತಿರಬೇಕು, ಇಲ್ಲದಿದ್ದರೆ ಹಿಂದಿನ ಶಾಕ್ ಕುಗ್ಗಿದಾಗ ಲೆಕ್ಕವೆಲ್ಲ ಮೇಲೇರುತ್ತದೆ. ಲೈಟಿನ ನಡುಭಾಗದ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಅದಕ್ಕಿಂತ 10 ಸೆಂ.ಮೀ. ಕೆಳಗೆ ಇನ್ನೊಂದು ಗೆರೆ ಎಳೆಯಿರಿ. ಬೆಳಕಿನ ಅತಿ ಪ್ರಖರ ಭಾಗ ಆ ಕೆಳಗಿನ ಗೆರೆಯ ಮೇಲೆ ಬರಬೇಕು. ಲೈಟು ನೆಲದಿಂದ 60 ಸೆಂ.ಮೀ. ಎತ್ತರದಲ್ಲಿದ್ದರೆ ಆ ಬೆಳಕು 30 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ, ಎದುರಿನವರ ಕಣ್ಣಿನ ಮಟ್ಟಕ್ಕೆ ಏರುವುದಿಲ್ಲ. ಎಡಗಡೆಯದ್ದನ್ನು ರಸ್ತೆಯ ಅಂಚಿನ ಕಡೆಗೆ ಒಂದಿಷ್ಟು ತಿರುಗಿಸಿ. ಬಲಗಡೆಯದ್ದು ನೇರವಾಗಿರಲಿ.

ಹ್ಯಾಂಡಲ್ ಬಾರ್

ಬಾರ್ ಕೊಳ್ಳುವಾಗ ಎರಡು ಅಳತೆ ನೋಡಿ: ಗ್ರಿಪ್ ಕೂರುವ ಕಡೆಯದ್ದು ಮತ್ತು ಕ್ಲ್ಯಾಂಪ್ ಹಿಡಿಯುವ ನಡುಭಾಗದ್ದು. ನಮ್ಮಲ್ಲಿನ ಹೆಚ್ಚಿನ ಬೈಕುಗಳಲ್ಲಿ ಎರಡೂ 22 ಮಿ.ಮೀ. ದಪ್ಪ ನಡುವಿನ ಫ್ಯಾಟ್ ಬಾರ್ 28 ಮಿ.ಮೀ. ಆಸುಪಾಸು, ಅದಕ್ಕೆ ಬೇರೆ ಕ್ಲ್ಯಾಂಪ್ ಬೇಕು. ಎತ್ತರ ಎಷ್ಟು ಹೆಚ್ಚಬಹುದು ಎನ್ನುವುದನ್ನು ಮುಂದಿನ ಬ್ರೇಕಿನ ಹೋಸ್ ತೀರ್ಮಾನಿಸುತ್ತದೆ. ಕ್ಲಚ್ ಕೇಬಲ್ ಉದ್ದದ್ದು ಸಿಗುತ್ತದೆ, ಹೋಸ್ ಬದಲಿಸಿದರೆ ಬ್ರೇಕಿನ ಗಾಳಿ ತೆಗೆಯಬೇಕು. ಎಬಿಎಸ್ ಇರುವ ಗಾಡಿಯಲ್ಲಿ ಆ ಕೆಲಸವನ್ನು ಮನೆಯಲ್ಲಿ ಮಾಡದಿರುವುದೇ ಜಾಣತನ. ಆದ್ದರಿಂದ ಹಳೆಯ ಹೋಸ್ ಜಗ್ಗದೆ ಮುಟ್ಟುವ ಬಾರನ್ನೇ ಆರಿಸಿಕೊಳ್ಳಿ.

ಬಿಚ್ಚುವ ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗೆದಿಡಿ, ಟ್ಯಾಂಕಿನ ಮೇಲೆ ದಪ್ಪ ಟವೆಲ್ ಹಾಸಿ. ಕನ್ನಡಿ, ಬಾರ್ ಎಂಡ್, ಗ್ರಿಪ್, ಸ್ವಿಚ್‌ಗಳು, ಲಿವರುಗಳು ಈ ಕ್ರಮದಲ್ಲಿ ಬರುತ್ತವೆ. ಬ್ರೇಕ್ ಆಯಿಲ್ ಡಬ್ಬಿಯನ್ನು ಕಳಚಿದ ಮೇಲೆ ಮಲಗಿಸದೆ ನೆಟ್ಟಗೆ ಕಟ್ಟಿ ನಿಲ್ಲಿಸಿ. ಮಲಗಿದರೆ ಲೈನಿಗೆ ಗಾಳಿ ಹೋಗಿ ಬ್ರೇಕ್ ಮೆತ್ತಗಾಗುತ್ತದೆ. ಆಯಿಲ್ ಪೇಂಟಿನ ಮೇಲೆ ಬಿದ್ದರೆ ಆ ಕ್ಷಣವೇ ನೀರು ಸುರಿಯಿರಿ, ಒರೆಸಲು ಹೋದರೆ ಹರಡಿ ಪೇಂಟ್ ತಿನ್ನುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಸ್ವಿಚ್‌ನ ಒಳಗೆ ಒಂದು ಸಣ್ಣ ಪಿನ್ನು ಇರುತ್ತದೆ, ಹಳೆಯ ಬಾರಿನಲ್ಲಿ ಅದಕ್ಕೊಂದು ತೂತು. ಹೊಸ ಬಾರಿನಲ್ಲಿ ತೂತು ಇರದಿದ್ದರೆ ಆ ಪಿನ್ನನ್ನೇ ಕೊಯ್ದು ಬಿಸಾಡುತ್ತಾರೆ. ಆಮೇಲೆ ಸ್ವಿಚ್ ಬಾರಿನ ಮೇಲೆ ಸುತ್ತುತ್ತದೆ. ಬಲಗಡೆ ಆಕ್ಸಿಲರೇಟರಿನ ಮನೆಯೂ ಅದೇ ಆದ್ದರಿಂದ, ಕೈ ತಿರುಗಿಸಿದಾಗ ಇಡೀ ಮನೆಯೇ ತಿರುಗಿ ಕೇಬಲ್ ಎಳೆಯಬಹುದು. ಪಿನ್ನು ಉಳಿಸಿ, ಬಾರಿಗೆ ತೂತು ಹಾಕಿ. ಮೊದಲು ಬಾರನ್ನು ಕೂರಿಸಿ, ಗಾಡಿ ಮೇಲೆ ಕೂತು ಕೈಗೆ ಹಿತವಾದ ಕೋನ ನೋಡಿ, ಪಿನ್ನಿಗೆ ಬಣ್ಣ ಹಚ್ಚಿ ಒತ್ತಿದರೆ ಗುರುತು ಬೀಳುತ್ತದೆ. ಪಿನ್ನಿನಷ್ಟೇ ದಪ್ಪದ ಬಿಟ್ಟಿನಲ್ಲಿ, ಒಂದು ಬದಿಯ ಗೋಡೆಗೆ ಮಾತ್ರ ಕೊರೆದು, ಅಂಚನ್ನು ಉಜ್ಜಿ ನಯ ಮಾಡಿ.

ಕ್ಲ್ಯಾಂಪ್ ಬೋಲ್ಟುಗಳನ್ನು ನಾಲ್ಕೂ ಕೈಯಲ್ಲಿ ತಿರುಗಿಸಿ, ಕರ್ಣದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಎಂ8 ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್, ಮ್ಯಾನುಯಲ್ಲಿನಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಬ್ರೇಕ್ ಲಿವರಿನ ಕ್ಲ್ಯಾಂಪಿನ ಮೇಲೆ ಬಾಣ ಅಥವಾ ಮೇಲೆ ಎಂಬ ಗುರುತು ಇದ್ದರೆ ಅದು ಮೇಲಕ್ಕೇ ಇರಲಿ. ಎಡಗಡೆಯ ಗ್ರಿಪ್ಪಿಗೆ ಅಂಟು, ಇಲ್ಲವೇ ಒಳಗೆ ಸ್ವಲ್ಪ ಸ್ಪಿರಿಟ್ ಹಾಕಿ ದಬ್ಬಿದರೆ ಜಾರಿ ಹೋಗಿ ಬೇಗ ಒಣಗುತ್ತದೆ. ಎಣ್ಣೆ, ಗ್ರೀಸ್ ಖಂಡಿತ ಬೇಡ. ಬಲಗಡೆ ಗ್ರಿಪ್ಪಿನ ಅಂಚು ಸ್ವಿಚ್‌ಗೆ ತಾಗದಂತೆ ಒಂದೆರಡು ಮಿ.ಮೀ. ಬಿಡಿ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಕೈಬಿಟ್ಟರೆ ಅದು ಛಟ್ ಎಂದು ತಾನಾಗಿ ಮುಚ್ಚಿಕೊಳ್ಳಬೇಕು.

ಪರೀಕ್ಷೆ ಹೀಗೆ. ಡಬಲ್ ಸ್ಟ್ಯಾಂಡ್ ಹಾಕಿ, ಗೇರ್ ನ್ಯೂಟ್ರಲ್, ಎಂಜಿನ್ ಐಡಲ್. ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ನಿಧಾನವಾಗಿ ತಿರುಗಿಸಿ. ಎಂಜಿನ್ ಸದ್ದು ಎಲ್ಲೂ ಏರಬಾರದು. ಏರಿದರೆ ಕೇಬಲ್ ಜಗ್ಗುತ್ತಿದೆ, ದಾರಿ ಬದಲಿಸಿ ಅಥವಾ ಉದ್ದದ ಕೇಬಲ್ ತನ್ನಿ. ಹಾಗೇ ಬಿಟ್ಟರೆ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಗಾಡಿ ತಾನೇ ಮುನ್ನುಗ್ಗುತ್ತದೆ. ಎರಡೂ ತುದಿಯಲ್ಲಿ ಕ್ಲಚ್ ಲಿವರಿನ ಬುಡದಲ್ಲಿ 2–3 ಮಿ.ಮೀ. ಆಟ ಉಳಿದಿದೆಯೇ, ಕೈಬೆರಳು ಟ್ಯಾಂಕಿಗೆ ತಾಗುತ್ತದೆಯೇ, ಬ್ರೇಕ್ ಹೋಸ್ ಬಿಗಿಯಾಗುತ್ತದೆಯೇ ಎಂದೂ ನೋಡಿ. ಮುಂದಿನ ಬ್ರೇಕ್ ಹಿಡಿದಾಗ ಹಿಂದಿನ ಲೈಟು ಹೊತ್ತುತ್ತದೆಯೇ ಎನ್ನುವುದನ್ನು ಮರೆಯುವವರೇ ಹೆಚ್ಚು. ಲಿವರ್ ಕಳಚುವಾಗ ಆ ಸಣ್ಣ ಸ್ವಿಚ್‌ನ ವೈರು ಕಿತ್ತು ಬಂದಿರುತ್ತದೆ.

ಕ್ರ್ಯಾಶ್ ಗಾರ್ಡ್, ಕ್ಯಾರಿಯರ್

ಗಾರ್ಡ್ ಸಾಮಾನ್ಯವಾಗಿ ಎಂಜಿನ್ ಮೌಂಟಿಂಗ್ ಬೋಲ್ಟುಗಳ ಜೊತೆಗೇ ಕೂರುತ್ತದೆ. ಎಲ್ಲ ಬೋಲ್ಟನ್ನೂ ಒಟ್ಟಿಗೆ ಬಿಚ್ಚಿದರೆ ಎಂಜಿನ್ ಒಂದು ಕೂದಲೆಳೆಯಷ್ಟು ಇಳಿದರೂ ತೂತುಗಳು ಸೇರುವುದಿಲ್ಲ. ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟು, ಒಂದೊಂದೇ ಬೋಲ್ಟ್ ತೆಗೆದು ಉದ್ದದ್ದನ್ನು ಹಾಕುತ್ತ ಹೋಗಿ. ಎಲ್ಲವೂ ನಾಲ್ಕೈದು ಮರೆ ಹಿಡಿದ ಮೇಲೆಯೇ ಬಿಗಿಮಾಡಿ. ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದು ಕಡೆ ಎಳೆದು ಸೇರಿಸಿದರೆ ಬೋಲ್ಟ್ ಮೊದಲೇ ಒತ್ತಡದಲ್ಲಿರುತ್ತದೆ, ಗುಂಡಿಗೆ ಬಿದ್ದ ದಿನ ತುಂಡಾಗುತ್ತದೆ. ತೂತು ಹೊಂದದ ಗಾರ್ಡನ್ನು ಸುತ್ತಿಗೆಯಿಂದ ಸರಿಮಾಡುವ ಬದಲು ಅಂಗಡಿಗೆ ವಾಪಸ್ ಕೊಡಿ.

ಬೋಲ್ಟಿನ ತಲೆಯ ಮೇಲೆ 8.8 ಎಂದು ಇರಬೇಕು. ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಅಂಗಡಿಯಲ್ಲಿ ಸಿಗುವ ಎ2-70 ಬೋಲ್ಟಿನ ಬಲ 8.8ರದ್ದಕ್ಕಿಂತ ಕಡಿಮೆ. ನಂಬರ್ ಪ್ಲೇಟಿಗೆ ನಡೆಯುತ್ತದೆ, ಎಂಜಿನ್ ಮೌಂಟಿಗೆ ಬೇಡ. ಅದುರಿ ಸಡಿಲವಾಗುವ ಕಡೆ ನೀಲಿ ಬಣ್ಣದ ಥ್ರೆಡ್ ಲಾಕರ್ ಎರಡು ಹನಿ. ಕೆಂಪು ಬಣ್ಣದ್ದು ಹಾಕಿದರೆ ಮುಂದೆ ಬಿಚ್ಚಲು ಬಿಸಿ ಮಾಡಬೇಕಾದೀತು.

ಕ್ಯಾರಿಯರ್ ಮತ್ತು ಸೈಡ್ ಬ್ಯಾಗಿನ ಸ್ಟೇ ಹಾಕುವಾಗ ಬ್ಯಾಗಿಗೂ ಸೈಲೆನ್ಸರಿಗೂ ನಡುವೆ ಒಂದು ಹಸ್ತದಷ್ಟು ಜಾಗವಿರಲಿ, ತುಂಬಿದ ಬ್ಯಾಗ್ ಕೆಳಗೆ ಜೋತುಬೀಳುವುದನ್ನೂ ಲೆಕ್ಕಕ್ಕೆ ಹಿಡಿದು.

ಎಲ್‌ಇಡಿ ಇಂಡಿಕೇಟರ್

10 ವ್ಯಾಟಿನ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ ಕೂಡಲೇ ಇಂಡಿಕೇಟರ್ ಹುಚ್ಚೆದ್ದಂತೆ ಬೇಗ ಬೇಗ ಮಿನುಗುತ್ತದೆ. ಹೊರೆ ಕಡಿಮೆಯಾದದ್ದನ್ನು ಕಂಡು, ಇಂಡಿಕೇಟರನ್ನು ಮಿನುಗಿಸುವ ಫ್ಲ್ಯಾಷರ್ ಎಂಬ ಭಾಗವು ಬಲ್ಬ್ ಸುಟ್ಟಿದೆ ಎಂದು ತಿಳಿಯುತ್ತದೆ. ಎಲ್‌ಇಡಿಗೆ ಹೊಂದುವ ಫ್ಲ್ಯಾಷರ್ ಬದಲಿಸುವುದು ಸರಿಯಾದ ದಾರಿ. ರೆಸಿಸ್ಟರ್ ಹಾಕುವವರೂ ಇದ್ದಾರೆ. ಕೈ ಸುಡುವಷ್ಟು ಬಿಸಿಯಾಗುವ ಆ ಸಾಮಾನನ್ನು ಪ್ಲಾಸ್ಟಿಕ್ ಮಡ್‌ಗಾರ್ಡ್ ಪಕ್ಕ ಇಡುವುದು ಒಳ್ಳೆಯದಲ್ಲ. ಮೀಟರಿನಲ್ಲಿ ಎಡಕ್ಕೂ ಬಲಕ್ಕೂ ಸೇರಿ ಒಂದೇ ಸೂಚಕ ಲೈಟು ಇರುವ ಬೈಕುಗಳಲ್ಲಿ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವುದುಂಟು. ಕರೆಂಟ್ ಆ ಸೂಚಕದ ಮೂಲಕ ಆಚೆ ಬದಿಗೆ ಸೋರುತ್ತದೆ. ಎಡ-ಬಲ ವೈರುಗಳಿಂದ ಒಂದೊಂದು 1ಎನ್4007 ಡಯೋಡ್ ಮೂಲಕ ಸೂಚಕಕ್ಕೆ ತಂದು, ಸೂಚಕದ ಇನ್ನೊಂದು ಕಾಲನ್ನು ಅರ್ಥ್‌ಗೆ ಕೊಟ್ಟರೆ ನಿಲ್ಲುತ್ತದೆ.

ಮುಟ್ಟದಿದ್ದರೆ ಒಳಿತು

ಸೈಲೆನ್ಸರ್. ಬಿಎಸ್6 ಗಾಡಿಯ ಎಕ್ಸಾಸ್ಟಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರ್ ಇವೆ; ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪೈಪ್ ಹಾಕಿದರೆ ಎಂಜಿನ್ ಚೆಕ್ ಲೈಟು, ಪಟಪಟ ಸದ್ದು, ಎಮಿಷನ್ ಟೆಸ್ಟಿನಲ್ಲಿ ಫೇಲು. 175 ಸಿಸಿಗಿಂತ ದೊಡ್ಡ ಬೈಕಿಗೆ ತಯಾರಿಕೆಯ ಹಂತದ ಶಬ್ದಮಿತಿ 80 ಡೆಸಿಬಲ್. ಅದನ್ನು ಮೀರುವ ಸೈಲೆನ್ಸರಿಗೆ 190(2)ನೇ ಸೆಕ್ಷನ್ನಿನಡಿ 10,000 ರೂಪಾಯಿವರೆಗೆ ದಂಡ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹತ್ತಿಸಿದ್ದಾರೆ, ಹಳೆಯದು ಅಟ್ಟದ ಮೇಲಿರದವರಿಗೆ ಎರಡು ಖರ್ಚು.

ಟೈಲ್ ಟೈಡಿ, ಅಂದರೆ ಹಿಂದಿನ ಉದ್ದ ಮಡ್‌ಗಾರ್ಡಿನ ಬದಲು ಬರುವ ಗಿಡ್ಡ ನಂಬರ್ ಪ್ಲೇಟ್ ಬ್ರಾಕೆಟ್, ಹಾಕಲು ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ತೆಗೆಯಬೇಕು. ಅದರ ಸ್ನ್ಯಾಪ್ ಲಾಕ್ ಒಮ್ಮೆ ತೆಗೆದರೆ ಒಡೆಯುವಂತೆಯೇ ಮಾಡಿರುವುದು. ಜೊತೆಗೆ ಮಡ್‌ಗಾರ್ಡ್ ಕಿರಿದಾದರೆ ಮಲೆನಾಡಿನ ಕೆಸರೆಲ್ಲ ಹಿಂದೆ ಕೂತವರ ಬೆನ್ನಿಗೆ.

ಕೆಲಸ ಮುಗಿದ ಮೇಲೆ

ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. 100 ಕಿ.ಮೀ. ಓಡಿಸಿದ ಮೇಲೆ ಗೆರೆ ತುಂಡಾಗಿದ್ದರೆ ಆ ಬೋಲ್ಟ್ ತಿರುಗಿದೆ ಎಂದರ್ಥ, ಟಾರ್ಕ್ ರೆಂಚ್ ಹಿಡಿದು ಮತ್ತೆ ನೋಡಿ. ಮುಂದೆ ಸರ್ವಿಸಿಗೆ ಕೊಡುವಾಗ ಯಾವ ವೈರು ಎಲ್ಲಿಂದ ಬಂದಿದೆ ಎಂಬ ಸಣ್ಣ ಚಿತ್ರವೊಂದನ್ನು ಬರೆದು ಸೀಟಿನಡಿಯ ಟೂಲ್ ಕಿಟ್ಟಿನಲ್ಲಿ ಇಡಿ, ಅದರ ಜೊತೆಗೇ ಉಳಿದ ಎರಡು ಕಂದು ಫ್ಯೂಸ್. ವಾಟರ್ ವಾಷ್ ಮಾಡಿಸುವಾಗ ಪ್ರೆಷರ್ ಗನ್ನನ್ನು ಸ್ವಿಚ್, ರಿಲೇ, ಲೈಟಿನ ಹಿಂಭಾಗಕ್ಕೆ ಹಿಡಿಯದಂತೆ ಹುಡುಗನಿಗೆ ಮೊದಲೇ ಹೇಳಿ.